ಹೊಳೆಯಾಚೆ ಹುಟ್ಟಿದವರು

"ದಡಿ ಸಣ್ಣದಿರಲಿ," ಎಂದು ಅಂಬಪ್ಪ ಮೂರನೇ ಸೀರೆಯನ್ನೂ ಆಚೆ ಸರಿಸಿದ.

"ಯಾರಿಗ್ರೀ ಕಾಕಾ?" ಸಿಂಧನೂರಿನ ಅಂಗಡಿಯ ಜಾವೀದ್ ಇನ್ನೊಂದು ಬಿಚ್ಚಿದ.

"ತೀರಿಕೊಂಡಾಕಿಗೆ."

"ನಿಮಗೇನಾಗಬೇಕ್ರಿ?"

ಅಂಬಪ್ಪ ಅದೇ ಸೀರೆಯನ್ನು ಬಗಲಿಗಿಟ್ಟುಕೊಂಡು ಎದ್ದ. ಅಂಗಡಿಯಲ್ಲೇ ಬಾಯಿ ಕಟ್ಟಿದರೆ ಮುಕ್ಕುಂದದ ಸಾವಿನ ಮನೆಯಲ್ಲಿ ಹತ್ತು ಮಂದಿಯ ನಡುವೆ ಏನು ಹೇಳುವುದು?

ಹಟ್ಟಿಯ ಗಣಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ಅವನು. ಹೆಂಡತಿ ಹೋಗಿ ಆರು ವರ್ಷವಾಗಿತ್ತು. ಶೇಖರಮ್ಮ ತೀರಿಕೊಂಡಳೆಂದು ಬೀಗರೊಬ್ಬರು ಮುಂಜಾನೆ ಫೋನು ಮಾಡಿದಾಗ, ಉಂಡಿದ್ದಾನೋ ಇಲ್ಲವೋ ಎಂದು ಕೇಳುವವರಿಲ್ಲದ ಮನೆಗೆ ಬೀಗ ಜಡಿದು, ಲಿಂಗಸುಗೂರು, ಮಸ್ಕಿ ದಾಟಿ ಬಂದಿದ್ದ.

*

ಅಂಬಪ್ಪ ಹುಟ್ಟಿದ್ದು ರಜಾಕಾರರ ಹಾವಳಿಯ ವರ್ಷ. ಹೊಳೆಯ ಈಚೆ ದಂಡೆ ನಿಜಾಮನದು, ಆಚೆ ದಂಡೆ ಬೇರೆ ಸರಕಾರದ್ದು. ನೆಲದಡಿಯ ಹಗೇವಿನಲ್ಲಿಟ್ಟ ಜೋಳ ಸರಕಾರದ ಲೆವಿಗೆ ಹೋಯಿತು, ಶಾಲೆ ಮುಚ್ಚಿತು. ಪಾಮನಕಲ್ಲೂರಿನ ಒಂದಷ್ಟು ಮಂದಿ ಎರಡು ಹಗಲು ನಡೆದು, ಮೌಲಾಸಾಬನ ಹರಗೋಲು ಹತ್ತಿ ತುಂಗಭದ್ರೆ ದಾಟಿದರು. ಹರಗೋಲು ದುಂಡಗಿರುತ್ತದೆ, ಜಾತಿಗೊಂದು ಮೂಲೆ ಎಲ್ಲಿಂದ ತರುವುದು?

ಆಚೆಯ ಗುಡಿಸಲುಗಳಲ್ಲಿ ಒಂದೇ ವಾರ ಎರಡು ಹೆರಿಗೆಯಾದವು. ಕೇರಿಯ ಅಮರಮ್ಮನಿಗೆ ಅಂಬಪ್ಪ ಹುಟ್ಟಿದ, ಗೌಡರ ಸೊಸೆಗೆ ಶೇಖರಮ್ಮ. ಮೂರನೇ ದಿನಕ್ಕೆ ಸೊಸೆ ಸತ್ತಳು. ಅತ್ತು ಅತ್ತು ದನಿ ಹೋದ ಕೂಸನ್ನು ಗೌಡರ ತಾಯಿ ತಾನೇ ತಂದು ಅಮರಮ್ಮನ ಮಡಿಲಿಗೆ ಹಾಕಿದಳು. ಎರಡು ಕೂಸೂ ಒಂದೇ ಎದೆಹಾಲಿಗೆ ಬೆಳೆದವು.

ಭಾರತದ ಪೌಜು ಬಂತು, ನಿಜಾಮ ಶರಣಾದ, ಜನ ಊರಿಗೆ ಹೊರಟರು. ಆಗ ಆ ಮುದುಕಿ ಅಂದಳಂತೆ: "ಅಮರವ್ವಾ, ಈ ಮಾತು ಹೊಳಿ ದಾಟಬಾರದು." ಅಮರಮ್ಮ ಸಾಯುವ ಮುಂದೆ ಅಂಬಪ್ಪ, ಶೇಖರಮ್ಮ ಇಬ್ಬರಿಗಷ್ಟೇ ಹೇಳಿದಳು.

ಹೋದ ವರ್ಷ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಶೇಖರಮ್ಮ ಸಿಕ್ಕಿದ್ದಳು.

"ತವರಾಗ ಯಾರೂ ಉಳದಿಲ್ಲಪಾ. ನಾ ಸತ್ತರ, ನನ್ನ ಎತ್ತೂ ಮುಂದ ತವರಿನ ಸೀರಿ ನೀನ ತರಬೇಕು."

"ಮಕ್ಕಳಿಗೆ ಹೇಳೀಯೇನವಾ?"

ಅವಳು ರಸ್ತೆ ನೋಡಿದಳು. "ನನ್ನ ಬಸ್ಸು ಬಂತು," ಎಂದಳು.

*

ಮುಕ್ಕುಂದದ ಅಂಗಳದಲ್ಲಿ ಶೇಖರಮ್ಮನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ. ಪಕ್ಕದಲ್ಲಿ ಮಗಳು ವಿಜಯಶ್ರೀ.

"ತವರಿನ ಸೀರಿ ಬರದ ಎತ್ತಂಗಿಲ್ಲ," ಎಂದರು ಊರ ಹಿರಿಯರು. "ಆ ಮನಿಯಾಗ ದೀಪ ಹಚ್ಚವರಿಲ್ಲ. ಯಾರ ದಾರಿ ಕಾಯೂದು?"

"ಅಂಗಡಿದ ತಂದು ಹೊದಸೂಣ್ರಿ," ಎಂದ ಮಗ ಜಂಬಣ್ಣ.

"ನಾ ತಂದೀನ್ರಿ," ಎಂದ ಅಂಬಪ್ಪ, ಬಾಗಿಲ ಬಳಿಯಿಂದ.

"ನೀವು ಯಾರ್‍ರೀ? ಏನಾಗಬೇಕು?" ಹಿರಿಯರು ಕೇಳಿದರು.

ತವರುಮನೆಯ ಹಳೇ ಆಳು ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು. ಆದರೆ ಇಂದೂ ಆಳಾದರೆ ಅವಳು ತವರಿಲ್ಲದೆ ಮಣ್ಣಿಗೆ ಹೋಗುತ್ತಾಳೆ, ತಾನು ತಂಗಿಯಿಲ್ಲದೆ ಹಟ್ಟಿಗೆ ಮರಳುತ್ತೇನೆ ಎನಿಸಿ ಅವನು ಅಂಗಳದೊಳಗೆ ಬಂದ.

"ನನ್ನ ತಂಗಿರೀ. ಹೊಳಿ ಆಚಿಕಿ ಹುಟ್ಟಿದಾಗ ತಾಯಿ ಸತ್ತಳು. ನಮ್ಮವ್ವನ ಹಾಲು ಕುಡದು ಬದುಕ್ಯಾಳ."

"ನಿಮ್ಮವ್ವ ಯಾರು?"

"ಪಾಮನಕಲ್ಲೂರು ಕೇರಿ ಅಮರಮ್ಮ."

ಭಜನೆಯವರ ತಾಳ ನಿಂತಿತು.

"ನಮ್ಮವ್ವ ಒಂದಿನಾನೂ ಹೇಳಿಲ್ಲ," ಎಂದ ಜಂಬಣ್ಣ, ನೆಲ ನೋಡುತ್ತ.

"ಆಕಿ ಹೇಳಲಿಲ್ಲಪಾ. ನಾ ಹೇಳಾಕತ್ತೀನಿ."

ಹಿರಿಯರು ಕೆಮ್ಮಿದರು. ಇಷ್ಟೊತ್ತು ಇದ್ದ ಬಹುವಚನ ಎಲ್ಲೋ ಇಳಿದು ಹೋಗಿತ್ತು. "ಅಲ್ಲೇ ಕಟ್ಟಿ ಮ್ಯಾಲ ಇಟ್ಟು ಸರಿ."

"ತವರಿನ ಸೀರಿ ಕಟ್ಟಿ ಮ್ಯಾಲ ಇಡೂದಲ್ರಿ. ಕೈಯಾಗ ತಗೋಬೇಕು."

ಯಾರೂ ಮುಂದೆ ಬರಲಿಲ್ಲ. ಎರಡೂ ಕೈ ಚಾಚಿ ಅಂಬಪ್ಪ ನಿಂತೇ ಇದ್ದ. ಅವನ ಸುತ್ತ ನಾಲ್ಕು ಮಾರು ಜಾಗ ತಾನಾಗಿ ಖಾಲಿಯಾಯಿತು. ಗಣಿಯ ಆಳದಲ್ಲೂ ಅವನಿಗೆ ಇಷ್ಟು ಒಂಟಿ ಎನಿಸಿರಲಿಲ್ಲ. ಬಿಸಿಲು ಏರಿತು, ಅವನು ಕೈ ಇಳಿಸಲಿಲ್ಲ.

ವಿಜಯಶ್ರೀ ಎದ್ದಳು. ಅಣ್ಣನನ್ನು ನೋಡಲಿಲ್ಲ, ಹಿರಿಯರನ್ನು ನೋಡಲಿಲ್ಲ. ಖಾಲಿ ಜಾಗ ದಾಟಿ ಬಂದು, ಉಡಿ ತುಂಬಿಸಿಕೊಳ್ಳುವವಳಂತೆ ಸೆರಗು ಒಡ್ಡಿದಳು.

"ಹಾಕು ಮಾವ."

ಅಂಬಪ್ಪನ ಬೆರಳು ಮರಗಟ್ಟಿದ್ದವು. ಸೀರೆ ಬಿಡಲು ಬರಲಿಲ್ಲ. ಅವಳು ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.