ಒಬ್ಬ ಕ್ಯಾಪ್ಟನ್‌ಗೆ ಆರು ಸಿಪಾಯಿ

ಅಂತರ್ಯುದ್ಧದಲ್ಲಿ ಉತ್ತರದವರ ಕೈಗೆ ಸಿಕ್ಕಿಬಿದ್ದ ದಿನ ದಕ್ಷಿಣದ ಸಿಪಾಯಿ ಲೂಶಿಯಸ್ ಟಾರ್ವರ್ ತೊಟ್ಟಿದ್ದದ್ದು ಸತ್ತುಹೋದ ಕ್ಯಾಪ್ಟನ್ನನ ಕೋಟು. ಹೆಸರು ಕೇಳಿದಾಗ ಕ್ಯಾಪ್ಟನ್ ಅಂತಲೇ ಬರೆಸಿಬಿಟ್ಟ. ಪಾಪ, ಚಳಿ ಮಾಡಿಸಿದ ಕೆಲಸ. ಓಹಾಯೋದ ಆ ಸೆರೆ ಶಿಬಿರದಲ್ಲಿ ಅಧಿಕಾರಿಗಳ ಬಿಡಾರಕ್ಕೆ ಒಲೆಯಿತ್ತು. ಸಿಪಾಯಿಗಳ ಬಿಡಾರಕ್ಕೆ ಸೋರುವ ಮಾಡು, ಹುಳ ಬಿದ್ದ ರೊಟ್ಟಿ. ಹುಳ ಕಾಣದ ದಿನ ರೊಟ್ಟಿಯೂ ಕಾಣುತ್ತಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಅದೇ ಸೆರೆಯಲ್ಲಿದ್ದ ತನ್ನೂರಿನ ಸಿಪಾಯಿ ಓಬೆಡ್‌ನನ್ನು ಕರೆಸಿ, ಎಲ್ಲರೆದುರು ಬೂಟು ತಿಕ್ಕಿಸಿದ, ಅಂಗಿಯ ಹೇನು ಹೆಕ್ಕಿಸಿದ. "ಯಾರಿಗೂ ಅನುಮಾನ ಬರಬಾರ್ದು ಮಾರಾಯ, ಸ್ವಲ್ಪ ತಡ್ಕೋ" ಅಂತ ಕಿವಿಯಲ್ಲಿ ಉಸುರಿದ. ಓಬೆಡ್ ಐದು ತಿಂಗಳು ತಡೆದುಕೊಂಡ.

ಆಮೇಲೆ ಕೈದಿಗಳ ಅದಲುಬದಲಿನ ಸುದ್ದಿ ಬಂತು. ಊರಲ್ಲಿ ಲೂಶಿಯಸ್ ಇನ್ನೂ ಮುಖ ನೋಡದ ಮಗಳಿದ್ದಳು. ಗಂಟು ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಬಂದು ನಿಂತ.

"ಇವತ್ತು ಸಿಪಾಯಿಗಳು ಮಾತ್ರ, ಒಬ್ಬನಿಗೆ ಒಬ್ಬ" ಅಂದ ಶಿಬಿರದ ಸಾರ್ಜೆಂಟ್ ಮೆಕಾರ್ಡಲ್. "ಕ್ಯಾಪ್ಟನ್ ಬೇಕಂದ್ರೆ ನಿಮ್ಮೋರು ನಮ್ಮ ಆರು ಜನ ಸಿಪಾಯಿಗಳನ್ನ ಬಿಡ್ಬೇಕು. ನಿಮಗೋಸ್ಕರ ಯಾರೂ ಅಷ್ಟು ಕೊಡೋ ಹಾಗೆ ಕಾಣ್ಸಲ್ಲ, ಸಾಹೇಬ್ರೆ."

"ಸಾರ್ಜೆಂಟ್ರೇ, ನಾನು ಕ್ಯಾಪ್ಟನ್ ಅಲ್ಲ. ಬರೀ ಸಿಪಾಯಿ."

"ಇಷ್ಟು ಸಲೀಸಾಗಿ ಸುಳ್ಳು ಹೇಳ್ಬೇಕಂದ್ರೆ ಕ್ಯಾಪ್ಟನ್ನೇ ಆಗಿರ್ಬೇಕು."

ಲೂಶಿಯಸ್ ಅಲ್ಲೇ ಅಂಗಿ ಬಿಚ್ಚಿ, ಹೊಲಿಗೆ ತಿರುವಿ, ಚಟಚಟನೆ ಹೇನು ಕುಕ್ಕಿ ತೋರಿಸಿದ. ಅಧಿಕಾರಿಗಳಿಗೆ ಬಾರದ ಆ ಕೈಚಳಕ ಕಂಡು ಸಾರ್ಜೆಂಟನ ಮನಸ್ಸು ಅಲ್ಲಾಡಿತು.

"ನಿನ್ನ ಗುರುತು ಹೇಳೋರು ಯಾರಾದ್ರೂ ಇದ್ದಾರೇನಯ್ಯ?"

"ಅಗೋ, ನಮ್ಮೂರಿನ ಓಬೆಡ್."

ಗಾಡಿ ಹತ್ತಿದ್ದ ಓಬೆಡ್ ಇಳಿದು ಬಂದ. ಲೂಶಿಯಸ್ ಅವನ ಕೈ ಹಿಡಿದುಕೊಂಡ. "ನನ್ನ ಮಗು ಕಣೋ. ನಿನ್ನ ಕಾಲಿಗೆ ಬೀಳ್ತೀನಿ, ನಿಜ ಹೇಳೋ."

ಓಬೆಡ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ನೆಟ್ಟಗೆ ನಿಂತು ಸಲಾಮು ಹೊಡೆದ.

"ನಮ್ಮ ಕ್ಯಾಪ್ಟನ್ ಸಾಹೇಬ್ರು ದೊಡ್ಡ ಮನುಷ್ಯರು, ಸಾರ್ಜೆಂಟ್ರೇ. ಹುಡುಗರೆಲ್ಲ ಊರು ಸೇರೋವರೆಗೂ ತಾವು ಕದಲಲ್ಲ ಅಂತಿದ್ರು. ಅವರ ಮಾತು ನಡೆಸಿಕೊಡಿ."

ಸಾರ್ಜೆಂಟ್ ಗೌರವದಿಂದ ಟೋಪಿ ತೆಗೆದ. ಓಬೆಡ್ ಗಾಡಿ ಹತ್ತಿ ಕೂತು, ತಿರುಗಿ ಕೇಳಿದ.

"ಮಗೂಗೆ ಏನಾದ್ರೂ ಹೇಳ್ಬೇಕಾ, ಸಾಹೇಬ್ರೆ?"

ಲೂಶಿಯಸ್‌ಗೆ ಬಾಯಿ ತುಂಬ ಬೈಗುಳ ಬಂದಿತ್ತು, ನುಂಗಿದ.

"ಅವಳಪ್ಪ ಬರೀ ಸಿಪಾಯಿ ಅಂತ ಹೇಳು."

ಅಷ್ಟರಲ್ಲಿ ಗಾಡಿ ಹೊರಟಿತ್ತು.