ಅರ್ಗಿರಿಸ್‌ನ ಬಾಯಲ್ಲಿದ್ದ ಹೆಸರು

ನನ್ನ ಮಾವನ ಧ್ವನಿ ಅಂದು ಸಂಜೆ ನಮಗೆ ಎರಡೆರಡು ಸಲ ಕೇಳಿಸಿತು. ಮೊದಲು ಮಲಗುವ ಕೋಣೆಯ ಮುಚ್ಚಿದ ಬಾಗಿಲಿನ ಆಚೆಯಿಂದ, ಆಮೇಲೆ ಒಂದು ಉಸಿರಿನಷ್ಟು ತಡವಾಗಿ ಟೀವಿಯಿಂದ. ಒಳಗಿನಿಂದ ಅವರು ಟೀವಿಯ ಚರ್ಚೆಗೆ ಫೋನ್ ಮಾಡಿದ್ದರು. ಆ ಅಂತರ ಪ್ರತಿ ಮಾತಿಗೂ ಒಂದೇ ಸಮವಾಗಿತ್ತು. ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು ನಾನು. ಇಂಥದ್ದನ್ನು ಗಮನಿಸದೆ ಇರಲಾರೆ. ಅವರು ಏನು ಹೇಳುತ್ತಿದ್ದಾರೆಂಬುದು ಅರ್ಥವಾದದ್ದು ಎರಡನೆಯ ಸಲ, ಟೀವಿಯಿಂದ ಬಂದಾಗ. ಅಷ್ಟರಲ್ಲಿ ಮೊದಲನೆಯದು ಹೇಳಿ ಮುಗಿದುಹೋಗಿತ್ತು.

ಗ್ರೀಸಿನ ಬ್ಯಾಂಕುಗಳೆಲ್ಲ ಬಾಗಿಲು ಮುಚ್ಚಿದ್ದ ಜುಲೈ ವಾರ ಅದು. ಸಾಲ ಕೊಟ್ಟವರ ಷರತ್ತಿಗೆ ಹೌದು ಅನ್ನಬೇಕೋ ಇಲ್ಲ ಅನ್ನಬೇಕೋ ಎಂದು ಭಾನುವಾರ ಇಡೀ ದೇಶ ಮತ ಹಾಕಬೇಕಿತ್ತು. ಇಲ್ಲ ಅಂದರೆ ಯೂರೋದಿಂದಲೇ ಹೊರದಬ್ಬುತ್ತಾರೆ ಎಂದು ಅರ್ಧ ಊರು ಹೇಳುತ್ತಿತ್ತು. ಹೆದರಿಸುತ್ತಿದ್ದಾರೆ ಅಷ್ಟೇ ಎಂದು ಇನ್ನರ್ಧ. ನಮ್ಮ ವೋಲೊಸ್‌ನ ಸ್ಥಳೀಯ ವಾಹಿನಿಯಲ್ಲಿ ಆರು ಚೌಕಗಳಲ್ಲಿ ಆರು ತಲೆಗಳು ಒಟ್ಟಿಗೆ ಕೂಗಾಡುತ್ತಿದ್ದವು. ಕೆಳಗಿನ ಎಡ ಚೌಕದಲ್ಲಿದ್ದ ಗಡ್ಡದವನು ಅರ್ಗಿರಿಸ್. ಬಂದರಿನಲ್ಲಿ ಕ್ರೇನ್ ನಡೆಸುವವನು, ಕಾರ್ಮಿಕ ಸಂಘದ ಕಾರ್ಯದರ್ಶಿ. ನನ್ನ ಗಂಡ ಥ್ರಾಸೋಸ್‌ನ ಜೊತೆ ಸೈನ್ಯದಲ್ಲಿದ್ದವನು. ನಮ್ಮ ಮದುವೆಯಲ್ಲಿ ನಮ್ಮಿಬ್ಬರ ತಲೆಯ ಮೇಲಿನ ಕಿರೀಟಗಳನ್ನು ಅದಲುಬದಲು ಮಾಡಿದ್ದು ಅವನೇ. ಹಾಗೆ ಕಿರೀಟ ಬದಲಾಯಿಸಿದವನೇ ಮೊದಲ ಮಗುವಿಗೆ ಜ್ಞಾನತಂದೆ ಆಗಬೇಕೆಂಬುದು ನಮ್ಮಲ್ಲಿ ರೂಢಿ. ಶನಿವಾರ ನಮ್ಮ ಮಗನ ದೀಕ್ಷಾಸ್ನಾನವಿತ್ತು.

ಅಲ್ಲಿಯವರೆಗೆ ಮಗನಿಗೆ ಹೆಸರಿರಲಿಲ್ಲ. ಎಲ್ಲ ಮಕ್ಕಳಂತೆ ಅವನೂ 'ಬೆಬಿ'. ಚರ್ಚಿನಲ್ಲಿ ಪಾದ್ರಿ ಕೇಳಿದಾಗ ಜ್ಞಾನತಂದೆ ಹೇಳುವುದೇ ಹೆಸರು. ಏನು ಹೇಳಬೇಕೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ: ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಅಂದರೆ ಮಾವನದ್ದು. ಝೀಸಿಸ್.

"ಆ ಕೆಳಗಿನ ಮೂಲೇಲಿ ಕೂತಿರೋ ಗಡ್ಡದವನಿಗೆ ಒಂದು ಮಾತು," ಎಂದರು ಮಾವ ಟೀವಿಯಲ್ಲಿ. "ನಲವತ್ತು ವರ್ಷ ಕತ್ತರಿ ಹಿಡಿದಿದೀನಿ. ನಿನ್ನ ಮೊದಲ ಮೀಸೆ ಕೆರೆದವನು ನಾನು. ಯೂರೋ ಬೇಡ ಅಂದ್ರೆ ನನ್ನ ಪಿಂಚಣಿ ಏನು ಮರದ ಎಲೇಲಿ ಬರುತ್ತಾ?"

ಅರ್ಗಿರಿಸ್‌ಗೆ ಗುರುತು ಸಿಕ್ಕಿತು. "ದೊಡ್ಡಪ್ಪ, ಯೂರೋ ಬೇಡ ಅಂದಿಲ್ಲ. ಈ ಷರತ್ತು ಬೇಡ ಅಂದೆ."

"ಹೆಂಡ್ತಿ ಬೇಕು, ಅತ್ತೆ ಮಾತು ಬೇಡ ಅಂದಂಗಾಯ್ತು."

"ಅತ್ತೆ ಹೊರಗಡೆಯಿಂದ ಬೀಗ ಹಾಕ್ಕೊಂಡು ಬೀಗದ ಕೈ ಜರ್ಮನಿಗೆ ತಗೊಂಡು ಹೋದ್ರೆ ಏನು ಮಾಡ್ತೀಯ, ದೊಡ್ಡಪ್ಪ? ಒಳಗೆ ಕೂತು ಅವಳ ಕಾಲು ಒತ್ತಕ್ಕೂ ಆಗಲ್ಲ."

ಮೇಲಿನ ಚೌಕದ ಟೈ ಕಟ್ಟಿದವನೂ ನಕ್ಕುಬಿಟ್ಟ. ಅದೇ ತಪ್ಪಾಯಿತು. ಕ್ಷೌರದಂಗಡಿಯಲ್ಲಿ ಮಾವನ ಮಾತಿಗೆ ಜನ ನಗುತ್ತಿದ್ದರು, ಮಾವನನ್ನು ನೋಡಿ ಯಾರೂ ನಕ್ಕಿರಲಿಲ್ಲ.

"ಶನಿವಾರ ನನ್ನ ಮೊಮ್ಮಗನ್ನ ನೀನು ಮುಟ್ಟಬೇಡ," ಎಂದರು.

"ಹೆಸರು ಇರೋದು ನನ್ನ ಬಾಯಲ್ಲಿ, ದೊಡ್ಡಪ್ಪ. ಅದು ನೆನಪಿರಲಿ."

ನಿರೂಪಕನ ಮುಖ ಬೆಳಗಿತು. ನಮ್ಮ ಬೀದಿಯ ಬಾಲ್ಕನಿಗಳಲ್ಲೆಲ್ಲ ಅದೇ ವಾಹಿನಿ. ಎದುರು ಮನೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಮೇಲಿನ ಮನೆಯಲ್ಲಿ ಯಾರೋ ಬೈದರು. ಥ್ರಾಸೋಸ್ ಎದ್ದು ಹೋಗಿ ಬಾಲ್ಕನಿಯ ತುಳಸಿ ಕುಂಡಕ್ಕೆ ನೀರು ಹಾಕತೊಡಗಿದ. ಬೆಳಿಗ್ಗೆಯಷ್ಟೇ ನಾನು ಹಾಕಿದ್ದೆ.

"ನೀನೇನಾದ್ರೂ ಹೇಳಬಾರ್ದಾ?" ಎಂದೆ.

"ಯಾರಿಗೆ?"

"ಇಬ್ರಿಗೂ."

"ಕ್ಸೇನಿ, ಒಬ್ಬ ಅಪ್ಪ, ಒಬ್ಬ ಅರ್ಗಿರಿಸ್. ನಾನು ಯಾವ ಕಡೆ ಹೋಗ್ಲಿ? ಬಾಲ್ಕನಿಗೆ ಬಂದಿದೀನಿ."

ಮರುದಿನ ಬೆಳಿಗ್ಗೆ ಬ್ಯಾಂಕಿನ ಯಂತ್ರದ ಮುಂದೆ ಸಾಲಿನಲ್ಲಿ ನಿಂತಾಗ ಬೇಕರಿಯ ಹೆಂಗಸು ಹಿಂದಿನಿಂದ ಕೇಳಿದಳು: "ಏನಂತೆ, ಮಗೂಗೆ ಹೆಸರು ಸಿಕ್ತಾ?"

"ಇಲ್ಲ," ಎಂದೆ.

"ಒಳ್ಳೇ ಹೆಸರು," ಎಂದ ಅವಳ ಮುಂದಿದ್ದ ಮುದುಕ. "ಅದನ್ನೇ ಇಡಿ. 'ಇಲ್ಲ' ಅಂತ. ಭಾನುವಾರದ ನೆನಪಿಗೆ." ಸಾಲಿನ ಅರ್ಧ ಜನ ನಕ್ಕರು. ಇನ್ನರ್ಧ ಜನ ನನ್ನನ್ನು ದಿಟ್ಟಿಸಿದರು, ನಾನು ಆಗಲೇ ಮತ ಹಾಕಿಬಿಟ್ಟೆನೇನೋ ಎಂಬಂತೆ.

ಜ್ಞಾನತಂದೆಯನ್ನು ಬದಲಾಯಿಸಬಹುದೇ ಎಂದು ಮಾವನ ಹಳ್ಳಿಯ ಪಾದ್ರಿಗೆ ಫೋನ್ ಮಾಡಿದೆ. ಫಾದರ್ ಫೋತಿಸ್ ಹೇಳಿದರು: "ಬದಲಾಯಿಸಬಹುದು ಕಣಮ್ಮ. ಆಮೇಲೆ ನಿಮ್ಮೆರಡು ಮನೆಯವರು ಸಾಯೋವರೆಗೂ ಒಬ್ಬರ ಹೆಣಕ್ಕೆ ಇನ್ನೊಬ್ಬರು ಬರಲ್ಲ. ಮದುವೆ ಮುರಿಯೋದಕ್ಕೆ ನಮ್ಮಲ್ಲಿ ದಾರಿ ಇದೆ. ಇದಕ್ಕೆ ಒಳಗೆ ಬರೋ ಬಾಗಿಲು ಮಾತ್ರ ಇಟ್ಟಿದಾರೆ."

ಅದೇ ದಿನ ಮಧ್ಯಾಹ್ನ ಬಂದರಿನ ನಲ್ಲಿಯಿಂದ ನೀರಿನ ಮಾದರಿ ತೆಗೆಯುತ್ತಿದ್ದೆ. ಅರ್ಗಿರಿಸ್ ಕ್ರೇನ್ ಇಳಿದು ಬಂದ. ಅವನ ಕಣ್ಣುಗಳು ಕೆಂಪಾಗಿದ್ದವು.

"ಅತ್ತಿಗೆ, ನನ್ನ ಮೇಲೆ ಕೋಪಾನಾ?"

"ಎಲ್ಲರ ಮೇಲೂ."

"ನ್ಯಾಯ." ಅವನು ನಲ್ಲಿಯ ಕಟ್ಟೆಯ ಮೇಲೆ ಕೂತ. "ನಂಗೆ ನಿದ್ದೆ ಬರ್ಲಿಲ್ಲ. ಆ ಮುದುಕ ಊರ ಮುಂದೆ ನನ್ನ ಹಾಗಂದ್ಮೇಲೆ, ನಾಳೆ ಅವನ ಹೆಸರನ್ನ ನಾನು ಬಾಯಿ ತುಂಬ ಹೇಳ್ಬೇಕು. ಬರಲ್ಲ ಅತ್ತಿಗೆ, ನಾಲಿಗೆ ಏಳಲ್ಲ. ಹಾಗಂತ ನನ್ನಿಷ್ಟಕ್ಕೆ ಏನೋ ಹೇಳೋಕೆ ನಾನ್ಯಾರು? ನಿಮ್ಮ ಅಪ್ಪನ್ನ ಮಣ್ಣು ಮಾಡಿದ ದಿನ ನೀವೊಂದು ಮಾತು ಹೇಳಿದ್ರಿ, ನೆನಪಿದ್ಯಾ?"

ನೆನಪಿತ್ತು. ನನ್ನಪ್ಪ ಯೆರಾಸಿಮೊಸ್, ಕೆಫಲೋನಿಯಾ ದ್ವೀಪದವರು, ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ನಾನು ಒಬ್ಬಳೇ ಮಗಳು. ಎರಡನೆಯ ಗಂಡು ಮಗುವಿಗೆ ತಾಯಿಯ ತಂದೆಯ ಹೆಸರು ಎನ್ನುವುದು ರೂಢಿ. ನನಗೆ ಎರಡನೆಯದು ಆಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅಂದು ಸಮಾಧಿಯ ಹತ್ತಿರ, ಈ ಹೆಸರು ಇಲ್ಲಿಗೆ ಮುಗಿಯಿತು ಎಂದಿದ್ದೆ. ಅರ್ಗಿರಿಸ್ ಪಕ್ಕದಲ್ಲಿದ್ದ.

"ಹೂಂ ಅಂತೀರೋ ಉಹೂಂ ಅಂತೀರೋ, ಒಂದು ಹೇಳಿ," ಎಂದ. "ಉಹೂಂ ಅಂದ್ರೆ ಹಲ್ಲು ಕಚ್ಚಿಕೊಂಡಾದ್ರೂ ಝೀಸಿಸ್ ಅಂತೀನಿ. ಹೂಂ ಅಂದ್ರೆ ನಿಮ್ಮ ಅಪ್ಪನ ಹೆಸರು ಹೇಳ್ತೀನಿ, ಆಮೇಲೆ ಬರೋ ಬೈಗುಳ ನನಗಿರಲಿ. ಟೀವಿ ಸೇಡು ಅಂತಾರೆ, ಅಂದ್ಕೊಳ್ಳಲಿ."

ಸೀಸೆ ತುಂಬಿ ನೀರು ನನ್ನ ಮುಂಗೈ ಮೇಲೆ ಹರಿಯುತ್ತಿತ್ತು. ಹಾಗೆ ತುಳುಕಿದ ಮಾದರಿ ಪರೀಕ್ಷೆಗೆ ಬರುವುದಿಲ್ಲ. ಅದನ್ನು ಚೆಲ್ಲಿ ನಲ್ಲಿ ನಿಲ್ಲಿಸಿದೆ.

"ಹೂಂ," ಎಂದೆ.

ಥ್ರಾಸೋಸ್‌ಗೆ ಹೇಳಲಿಲ್ಲ. ಹೇಳಿದ್ದರೆ ಅವನು ಮತ್ತೆ ಬಾಲ್ಕನಿಗೆ ಹೋಗುತ್ತಿದ್ದ.

ಶನಿವಾರ ಸಂಜೆ ಮಾವನ ಹಳ್ಳಿಯ ಚರ್ಚು. ಪೆಲಿಯೊನ್ ಬೆಟ್ಟದ ಆ ಹಳ್ಳಿಯಲ್ಲಿ ತಾಯಿ ದೀಕ್ಷಾಸ್ನಾನ ನೋಡುವಂತಿಲ್ಲ. ಅವಳು ಹೊರಗೆ ಕೂರಬೇಕು. ಹೆಸರು ಹೇಳಿದ ಕ್ಷಣ ಮಕ್ಕಳು ಓಡಿಬಂದು ತಿಳಿಸುತ್ತಾರೆ. ಮೊದಲು ತಂದ ಮಗುವಿಗೆ ನಾಣ್ಯ ಕೊಡುತ್ತಾರೆ. ಈಗ ಯಾರೂ ಇದನ್ನು ಪಾಲಿಸುವುದಿಲ್ಲ, ಆದರೂ ಆಗಲೇಬೇಕೆಂದು ವಸಂತದಲ್ಲೇ ಹಟ ಹಿಡಿದವರು ಮಾವ. ಮಗುವಿನ ಮೈಗೆ ಹಚ್ಚುವ ಎಣ್ಣೆಯೂ ತಮ್ಮ ಆಲಿವ್ ಮರಗಳದ್ದೇ ಆಗಬೇಕೆಂದು ಸೀಸೆ ಕಳಿಸಿದ್ದರು.

ನಾನು ಅಂಗಳದ ದೊಡ್ಡ ಮರದ ಕೆಳಗಿನ ಕಲ್ಲಿನ ಮೇಲೆ ಕೂತೆ. ಎಲ್ಲರೂ ಒಳಗೆ ಹೋದರು. ಕೊನೆಗೆ ಮಾವ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ಅರ್ಗಿರಿಸ್‌ನ ಬೆನ್ನು ಕಂಡವರೇ ತಿರುಗಿ ಬಂದರು. ಬಂದು ನನ್ನ ಪಕ್ಕದಲ್ಲಿ ಕೂತರು.

ಇದನ್ನು ನಾನು ಲೆಕ್ಕ ಹಾಕಿರಲಿಲ್ಲ.

"ನೀವು ಒಳಗೆ ಹೋಗಿ ಮಾವ. ನೀವು ಹೊರಗಿರಬೇಕಾಗಿಲ್ಲ."

"ಅವನ ಮುಖ ನೋಡಲ್ಲ. ಕಿವಿಗೆ ಬಿದ್ರೆ ಸಾಕು. ಇಲ್ಲೇ ಕೇಳಿಸ್ಕೊಳ್ತೀನಿ."

ಮದುವೆಯ ಕೋಟು ಹಾಕಿದ್ದರು. ಬಲಗೈ ಮುಷ್ಟಿ ಬಿಗಿಯಾಗಿತ್ತು. ಬೆರಳ ಸಂದಿಯಲ್ಲಿ ನಾಣ್ಯಗಳ ಅಂಚು ಕಾಣುತ್ತಿತ್ತು. ಹೆಸರು ತರುವ ಮಗುವಿಗೆ ತಾವೇ ಕೊಡಬೇಕೆಂದು ತಂದಿದ್ದರು. ಒಳಗೆ ಪಾದ್ರಿಯ ಗುನುಗು ಶುರುವಾಯಿತು.

"ಫೋನ್ ಮಾಡಬಾರದಿತ್ತು ಕಣಮ್ಮ," ಎಂದರು ಮಾವ, ನೆಲ ನೋಡುತ್ತ. "ನಾಳೆ ಏನಾಗುತ್ತೆ ಅಂತ ತಿಳ್ಕೊಳ್ಳೋಣ ಅಂತ ಟೀವಿ ಹಾಕಿದ್ದು. ಆರು ಜನ ಒಟ್ಟಿಗೆ ಕಿರುಚ್ತಾರೆ. ಒಬ್ಬನಾದ್ರೂ ಈ ಕಡೆ ತಿರುಗಿ, ಝೀಸಿಸ್, ಹೆದರಬೇಡ ಅಂತಾನಾ ಅಂತ ನೋಡ್ದೆ. ಹುಡುಗ ನಮ್ಮವನು, ಅವನಾದ್ರೂ ಅಂತಾನೆ ಅನ್ಕೊಂಡೆ. ಫೋನ್ ಹಚ್ಚಿದ್ಮೇಲೆ ಬಾಯಿಗೆ ಬೇರೆ ಏನೋ ಬಂತು."

ಒಳಗೆ ಮಗು ಅತ್ತಿತು. ಬಟ್ಟೆ ಬಿಚ್ಚಿರಬೇಕು. ಇನ್ನು ಎಣ್ಣೆ, ಆಮೇಲೆ ನೀರು. ಅರ್ಗಿರಿಸ್‌ನ ಒರಟು ಅಂಗೈ ಮಾವನ ಎಣ್ಣೆಯನ್ನು ಮಗನ ಬೆನ್ನಿಗೆ ಸವರುತ್ತಿರುವುದು ಕಣ್ಣಿಗೆ ಕಟ್ಟಿತು. ಬಾಗಿಲು ಇಷ್ಟೇ ದೂರದಲ್ಲಿತ್ತು. ಹೋಗಿ ಅವನಿಗೆ ಕಣ್ಣಲ್ಲಿ ಬೇಡ ಅಂದರೆ ಸಾಕು. ಹೋದರೆ ನನ್ನಪ್ಪನ ಹೆಸರನ್ನು ನಾನೇ ಎರಡನೆಯ ಸಲ ಹೂತಂತೆ. ಕೂತರೆ ಈ ಮುಷ್ಟಿಯ ಪಕ್ಕದಲ್ಲಿ ಕೂತಿರಬೇಕು.

ಎದ್ದೆ.

ಮಾವ ತೋಳು ಹಿಡಿದು ಎಳೆದರು. "ಕೂತ್ಕೊ, ಪದ್ಧತಿ ಮುರೀಬೇಡ. ಈಗ ಬರ್ತಾರೆ."

ಅವರ ಹಿಡಿತದಲ್ಲಿ ಬಲವೇನೂ ಇರಲಿಲ್ಲ. ಬಿಡಿಸಿಕೊಳ್ಳಬಹುದಿತ್ತು. ನಾನು ಕೂತೆ.

ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು. ನಾದಿನಿಯ ಮಗಳು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು. "ಯೆರಾಸಿಮೊಸ್, ಅತ್ತೆ! ಯೆರಾಸಿಮೊಸ್ ಅಂತೆ!"

ಇಡೀ ವೋಲೊಸ್‌ನಲ್ಲಿ ಆ ಹೆಸರಿನವರು ಯಾರೂ ಇಲ್ಲ. ಅದು ದ್ವೀಪದ ಹೆಸರು. ಮಾವನಿಗೆ ಕೇಳಿಸಿತು.

"ನಾಯಿಗೆ ಹುಟ್ಟಿದವನು," ಎಂದರು ಮೆಲ್ಲಗೆ. "ಟೀವಿ ಮಾತಿಗೆ ಮಗು ಮೇಲೆ ಸೇಡು ತೀರಿಸ್ಕೊಂಡ."

ಇಲ್ಲಿ ಸುಮ್ಮನಿದ್ದರೆ ಮುಗಿಯುತ್ತಿತ್ತು. ಬೈಗುಳ ತನಗಿರಲಿ ಎಂದು ಅರ್ಗಿರಿಸ್ ಹೇಳಿಯೂ ಇದ್ದ.

"ಅವನಲ್ಲ, ಮಾವ. ನಾನು ಹೇಳಿಸಿದ್ದು."

ಅವರು ನನ್ನತ್ತ ತಿರುಗಲಿಲ್ಲ. ಹುಡುಗಿ ನಾಣ್ಯಕ್ಕಾಗಿ ಕೈ ಚಾಚಿಕೊಂಡು ನಿಂತಿದ್ದಳು.

"ಎರಡನೇದಕ್ಕೆ ಇಡಬಹುದಿತ್ತು."

"ಎರಡನೇದು ಆಗಲ್ಲ. ಡಾಕ್ಟ್ರು ಹೇಳಿದಾರೆ."

"ನಂಗೆ ಯಾರೂ ಹೇಳ್ಲಿಲ್ಲ."

"ಹೇಳೋಕೆ ಧೈರ್ಯ ಬರ್ಲಿಲ್ಲ."

"ನಾನು ಅವತ್ತು ಫೋನ್ ಮಾಡದೇ ಇದ್ದಿದ್ರೆ?"

"ಝೀಸಿಸ್ ಅಂತಾನೇ ಆಗಿರ್ತಿತ್ತು."

ಅವರು ತಲೆಯಾಡಿಸಿದರು, ಕೂದಲು ಯಾವ ಅಳತೆಗೆ ಕತ್ತರಿಸಬೇಕೆಂದು ಗಿರಾಕಿ ಹೇಳಿದಾಗ ಆಡಿಸುವ ಹಾಗೆ. ಆಮೇಲೆ ಮುಷ್ಟಿ ಬಿಚ್ಚಿ ನಾಣ್ಯಗಳನ್ನು ಹುಡುಗಿಯ ಅಂಗೈಗೆ ಸುರಿದರು. "ತಗೋ. ತಂದವಳದ್ದೇನು ತಪ್ಪು." ಅಂಗೈಯಲ್ಲಿ ನಾಣ್ಯದ ಗುಂಡನೆಯ ಗುರುತುಗಳು ಹಾಗೇ ಉಳಿದಿದ್ದವು.

ಊಟದ ಏರ್ಪಾಡು ಕೆಳಗೆ ಸಮುದ್ರದ ದಡದಲ್ಲಿತ್ತು. ಪೆಟ್ರೋಲಿಗೆ ಸಾಲು ನಿಲ್ಲುವ ದಿನಗಳು. ನಮ್ಮ ಕಾರಿನ ಮುಳ್ಳು ತಳಕ್ಕಿಳಿದಿತ್ತು. ಟ್ಯಾಂಕು ತುಂಬಿದ್ದ ಅರ್ಗಿರಿಸ್‌ನ ಕಾರಿನಲ್ಲೇ ಎಲ್ಲರೂ ಹತ್ತಬೇಕಾಯಿತು. ಮುಂದೆ ಅವನ ಪಕ್ಕದಲ್ಲಿ ಮಾವ, ಹಿಂದೆ ಥ್ರಾಸೋಸ್ ಮತ್ತು ನಾನು, ನನ್ನ ಮಡಿಲಲ್ಲಿ ಎಣ್ಣೆ ವಾಸನೆಯ ಮಗ. ಥ್ರಾಸೋಸ್ ನನ್ನ ಕಡೆಯ ಕಿಟಕಿಯನ್ನಲ್ಲ, ತನ್ನ ಕಡೆಯದನ್ನು ನೋಡುತ್ತಿದ್ದ. ಮತದಾನದ ಹಿಂದಿನ ದಿನ ಪ್ರಚಾರ ಕೂಡದಾದ್ದರಿಂದ ರೇಡಿಯೋದಲ್ಲಿ ಬರಿಯ ಹಾಡು. ಅರ್ಗಿರಿಸ್ ಅದನ್ನು ಆರಿಸಿದ. ತಿರುವುಗಳಲ್ಲಿ ಅವನ ಭುಜ ಮಾವನ ಭುಜಕ್ಕೆ ತಾಕುತ್ತಿತ್ತು; ಮಾವನಿಗೆ ಸರಿಯಲು ಜಾಗವಿರಲಿಲ್ಲ.

ಸೆಕೆ ತಡೆಯಲಾರದೆ ಅರ್ಗಿರಿಸ್ ಗಾಜಿನ ಗುಂಡಿಗೆ ಕೈ ಹಾಕಿದ.

"ತೆಗೀಬೇಡ," ಎಂದರು ಮಾವ. ಅವನಿಗೆ ಅವರು ಆ ಸಂಜೆ ಆಡಿದ ಮೊದಲ ಮಾತು ಅದು. "ಬೆಬಿ ನೀರಿಂದ ಈಗ ಎದ್ದಿದೆ. ಗಾಳಿ ತಾಗುತ್ತೆ."

ಅರ್ಗಿರಿಸ್ ಕೈ ತೆಗೆದ. ಗಾಜುಗಳು ಏರಿದ್ದ ಹಾಗೆಯೇ ಕಾರು ಬೆಟ್ಟ ಇಳಿಯಿತು.