ಗಟ್ಟಿಯಾದ ಕೀಲಿಗಳು

ಮಧ್ಯಾಹ್ನ ಮೂರು ಗಂಟೆಗೆ ಸುನೀತಾ ಬರುವವಳಿದ್ದಳು. ಧಾರವಾಡದಲ್ಲಿ ಹಳೆಯ ಯಂತ್ರಗಳನ್ನೆಲ್ಲ ಕೂಡಿಸಿ ಸಂಗ್ರಹಾಲಯ ಮಾಡುತ್ತಿದ್ದಾಳಂತೆ. ನನ್ನ ಕನ್ನಡ ಟೈಪ್‌ರೈಟರ್ ಬೇಕು, ಆದರೆ "ಚಾಲೂ ಇದ್ರ ಅಷ್ಟ ಒಯ್ತೇನ್ರಿ" ಎಂದು ಫೋನಿನಲ್ಲೇ ಷರತ್ತು. ಇಲ್ಲದಿದ್ದರೆ ಗುಜರಿಯೇ ಗತಿ. ಬೆಳಗ್ಗೆ ಒಂಬತ್ತಕ್ಕೆ ಕೂತು 'ಕ' ಒತ್ತಿದೆ. ಅಕ್ಷರದ ಕಡ್ಡಿ ಅರ್ಧಕ್ಕೆ ಎದ್ದು, ಮುಂದೂ ಹೋಗದೆ ಹಿಂದೂ ಬರದೆ ನಿಂತುಬಿಟ್ಟಿತು. ನನಗೆ ತಲೆ ಕೆಟ್ಟುಹೋಯಿತು.

ಅರವತ್ತು ವರ್ಷದ ಯಂತ್ರ. ನಮ್ಮಪ್ಪ ಹುಬ್ಬಳ್ಳಿಯಲ್ಲಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸಿಂದಗಿಗೆ ತಂದಿದ್ದ. ನಲವತ್ತಾರು ಕೀಲಿಯೊಳಗೆ ಇಡೀ ಕನ್ನಡವನ್ನು ತುಂಬಿಸಿದ ಪುಣ್ಯಾತ್ಮ ಯಾರೋ, ಅವನಿಗೆ ಕೈ ಮುಗಿಯಬೇಕು. ಕೆಲವು ಕೀಲಿ ಒತ್ತಿದರೆ ಕಾಗದ ಹಿಡಿದ ಗಾಡಿ ಕದಲುವುದೇ ಇಲ್ಲ. ಒತ್ತಕ್ಷರಕ್ಕೂ ಅಕ್ಷರಕ್ಕೂ ಒಂದೇ ಜಾಗ. ಮೂವತ್ತು ವರ್ಷ ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಕೂತು ಇದರಲ್ಲೇ ದೇವಣಗಾಂವದಂಥ ಸುತ್ತಲಿನ ಹಳ್ಳಿಯವರ ಅರ್ಜಿ ಬಡಿದೆ. ಬರಬರುತ್ತ ಕೀಲಿ ಭಾರವಾದವು. ನನ್ನ ಬೆರಳೇ ಸೋತವು ಎಂದುಕೊಂಡು ಹನ್ನೆರಡು ವರ್ಷದ ಹಿಂದೆ ಎದ್ದುಬಂದೆ. ಕೇಳಿದವರಿಗೆಲ್ಲ, ಹೆಂಡತಿಗೂ, ಕಂಪ್ಯೂಟರ್ ಬಂತು ಎಂದೆ.

ಬಾಗೇವಾಡಿಯಿಂದ ಅಯೂಬನನ್ನು ಕರೆಸಿದೆ. ಈಗ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ, ಮೊದಲು ಟೈಪ್‌ರೈಟರ್ ಮಾಡುತ್ತಿದ್ದ. ಕಡ್ಡಿಗಳ ಬುಡದ ಸಂದಿಯನ್ನು ಉಗುರಿನಿಂದ ಕೆರೆದು ಮೂಸಿ ನೋಡಿದ.

"ರಾಯರ, ಇದಕ್ಕ ಕುಸುಬಿ ಎಣ್ಣಿ ಯಾರ ಹಾಕ್ಯಾರ್ರಿ?"

"ಕುಸುಬಿ ಎಣ್ಣಿ? ಇದೇನ್ ಬದನಿಕಾಯಿ ಪಲ್ಯಾನೋ?"

"ಹಾಕ್ಯಾರ್ರಿ. ಅದು ಒಣಗಿದ್ರ ಅರಗಿನಂಗ ಹಿಡೀತೈತಿ. ಈ ಸಂದಿಗೆ ಯಾವ ಎಣ್ಣೀನೂ ಹಾಕಬಾರ್ದ್ರಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನನ್ನ ಹೆಂಡತಿ ಇಂದೂಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ದಸರಾದಾಗ ಖಂಡೆ ಪೂಜಾಕ್ಕ ಯಂತ್ರಕ್ಕ ಎಣ್ಣಿ ಹಚ್ಚಬಾರದೇನು? ಆರತಿ ಆದ ಕೂಡ್ಲೆ ನೀವು ಊಟಕ್ಕ ಕೂಡತಿದ್ರಿ. ಆಮ್ಯಾಲೆ ನಾ ಬಿಡತಿದ್ದೆ. ಪ್ರತಿ ವರ್ಷ."

"ಪ್ರತಿ ವರ್ಷ!"

"ಕೀಲಿ ಗಟ್ಟಿ ಆಗ್ಯಾವ ಅಂತ ನೀವ ಒದರತಿದ್ರಲ್ಲ. ಅದಕ್ಕ ಇನ್ನೊಂದು ಚಮಚ ಹೆಚ್ಚಿಗಿ."

ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನಾನು ಒದರಿದಷ್ಟೂ ಇವಳು ಎಣ್ಣೆ ಬಿಡುವುದು, ಬಿಟ್ಟಷ್ಟೂ ಕೀಲಿ ಗಟ್ಟಿಯಾಗುವುದು, ಮತ್ತೆ ನಾನು ಒದರುವುದು. ಎಂಥ ಸಂಸಾರವಪ್ಪ ಇದು!

ಅಯೂಬ ಪೆಟ್ರೋಲಿನಲ್ಲಿ ಬ್ರಶ್ ಅದ್ದಿ ಎರಡು ತಾಸು ತಿಕ್ಕಿದ. "ಈಗ ಹೊಡೀರಿ" ಎಂದ.

ಹೊಡೆದೆ. ಕಡ್ಡಿಗಳು ಪಟಪಟ ಎದ್ದು ಬಿದ್ದವು. ಸಾಲಿನ ಕೊನೆಗೆ ಗಂಟೆಯೂ ಟಣ್ಣೆಂದಿತು. ಒಂದು ಪುಟ ಪೂರ್ತಿ, ಒಂದೂ ತಪ್ಪಿಲ್ಲದೆ. ನನ್ನ ಬೆರಳಿಗೆ ಏನೂ ಆಗಿರಲಿಲ್ಲ. ಸಂತೋಷಪಡಬೇಕಿತ್ತು, ಸಿಟ್ಟು ನೆತ್ತಿಗೇರಿತು.

"ಹನ್ನೆರಡು ವರ್ಷ, ಇಂದೂ! ಬೆರಳು ಸತ್ತಾವ ಅಂತ ಹನ್ನೆರಡು ವರ್ಷ ಮನ್ಯಾಗ ಕೂತೆ!"

ಅವಳು ನನ್ನನ್ನೇ ನೋಡಿದಳು. "ಕಂಪ್ಯೂಟರ್ ಬಂತು ಅಂತ ಬಿಟ್ಟಿದ್ರಲ್ಲ?"

ಅಯೂಬ ತಲೆ ತಗ್ಗಿಸಿ ಬ್ರಶ್ ಒರೆಸತೊಡಗಿದ.

"ಯಂತ್ರಕ್ಕಷ್ಟ ಬೈತಿದ್ರಿ," ಎಂದಳು ಇಂದೂಬಾಯಿ. "ಕೈ ಸೋತಾವ ಅಂತ ಒಮ್ಮೆರೆ ನನ್ನ ಮುಂದ ಅಂದಿದ್ರ, ಆ ಎಣ್ಣಿ ನಿಮ್ಮ ಕೈಗೆ ತಿಕ್ಕತಿದ್ದೆ."

ಸುನೀತಾ ಬಂದು, ಯಂತ್ರ ಚಾಲೂ ಇದೆಯೇ ಎಂದು ಕೇಳಿದಳು. ಹೌದು ಎಂದೆ. ಚಹಾ ಕೊಟ್ಟು ಬರಿಗೈಯಲ್ಲಿ ಕಳಿಸಿದೆವು.